ನರ್ಸಮ್ಮ ಪಾಸು ಮಾಡಿದ ನಟರು

ನಮ್ಮ ನರ್ಸಮ್ಮ ಕೈಗಡಿಯಾರವನ್ನು ಎಲ್ಲರಂತೆ ಕಟ್ಟುತ್ತಿರಲಿಲ್ಲ. ಅದರ ಮುಖ ಒಳಗೆ, ನಾಡಿ ಬಡಿಯುವ ಜಾಗದ ಮೇಲೇ ಬರುವಂತೆ ತಿರುಗಿಸಿ ಕಟ್ಟುತ್ತಿದ್ದರು. ಮೂವತ್ತು ವರ್ಷ ಹಾಗೆ ಕಟ್ಟಿ ಕಟ್ಟಿ ಮಣಿಕಟ್ಟಿನ ಒಳಬದಿಯಲ್ಲಿ ರೂಪಾಯಿ ಅಗಲದ ಬಿಳಿ ಗುರುತೊಂದು ಉಳಿದುಬಿಟ್ಟಿತ್ತು. ಟಿವಿಯಲ್ಲಿ ಯಾವನಾದರೂ ನಟ ಸಾಯಲು ಶುರು ಮಾಡಿದ ಅಂದರೆ ಸಾಕು, ಆ ಕೈ ಮೇಲೆದ್ದು ಕಣ್ಣ ಮುಂದೆ ಬರುತ್ತಿತ್ತು.

"ಗುಂಡು ಬಿದ್ದು ನಾಕು ನಿಮಿಷ ಆತು. ಅದೂ ಎದೆಗೇ ಬಿದ್ದೈತೆ. ಇನ್ನೂ ತಂಗಿ ಮದುವೆ ವಿಷಯ ಮಾತಾಡ್ತಾನಲ್ರೀ ಅಕ್ಕಾರೆ! ಉಸಿರು ಎಲ್ಲಿಂದ ಬರ್ತೈತೆ ಇವನಿಗೆ?"

ಅಕ್ಕಾರು ಅಂದರೆ ನಮ್ಮವ್ವ. ಅಷ್ಟು ಹೊತ್ತಿಗೆ ಅವ್ವನ ಕಣ್ಣಲ್ಲಿ ನೀರು ಧಾರಾಕಾರ ಹರಿಯುತ್ತಿರುತ್ತಿತ್ತು. "ಸುಮ್ನಿರೇ ತಾಯಿ! ಅವನು ಸಾಯಾಕೆ ಹತ್ಯಾನೆ, ನಿಂಗೆ ಟೈಮಿನ ಚಿಂತಿ," ಎಂದು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ನರ್ಸಮ್ಮ ತೀರ್ಪು ಕೊಟ್ಟೇಬಿಡುತ್ತಿದ್ದರು: "ಫೇಲು."

ಜಗಳೂರಿನಲ್ಲಿ ನಮ್ಮ ಮನೆಗೂ ಅವರ ಬಾಡಿಗೆ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಹುಟ್ಟೂರು ನ್ಯಾಮತಿ. ಚನ್ನಗಿರಿ ಕಡೆ ಕೆಲವು ವರ್ಷ, ಹೊನ್ನಾಳಿ ಕಡೆ ಕೆಲವು ವರ್ಷ ದುಡಿದು ಕೊನೆಗೆ ನಮ್ಮೂರ ಆಸ್ಪತ್ರೆಗೆ ಬಂದವರು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಡ್ಯೂಟಿ ಮುಗಿದರೆ ಸಿನಿಮಾ, ಸಿನಿಮಾಕ್ಕೆ ಜೊತೆ ನಮ್ಮವ್ವ. ನಾನು ಹೈಸ್ಕೂಲ್ ಮೇಷ್ಟ್ರು. ಅದು ಹೊಟ್ಟೆಪಾಡಿಗೆ. ನನ್ನ ಜಂಬವೆಲ್ಲ ಇದ್ದದ್ದು ಬೇರೆ ಕಡೆ: ಜಿಲ್ಲೆಯ ಪತ್ರಿಕೆಯೊಂದರಲ್ಲಿ ಪ್ರತಿ ಸೋಮವಾರ ಚಿತ್ರವಿಮರ್ಶೆ ಬರೆಯುತ್ತೇನೆ. ಹದಿನಾಲ್ಕು ವರ್ಷವಾಯಿತು. "ಅಭಿನಯದ ಸೂಕ್ಷ್ಮಗಳನ್ನು ಬಲ್ಲ ವಿಮರ್ಶಕ" ಎಂದು ಯಾರೋ ಓದುಗರು ಒಮ್ಮೆ ಪತ್ರ ಬರೆದಿದ್ದರು. ಆ ಪತ್ರವನ್ನು ಫ್ರೇಮು ಹಾಕಿಸುವುದೊಂದು ಬಾಕಿ.

ಇಂಥ ನನ್ನ ಜಂಬವನ್ನು ನರ್ಸಮ್ಮ ಗೋಡೆಯಾಚೆಯಿಂದಲೇ ಇಳಿಸುತ್ತಿದ್ದರು. ಹಳೆಯ ಕಾಲದ ನಟರ ಮುಂದೆ ಈಗಿನವರು ಯಾವ ಲೆಕ್ಕ ಎಂದು ನಾನೊಮ್ಮೆ ಬರೆದೆ. ಸೋಮವಾರ ಬೆಳಿಗ್ಗೆಯೇ ಪೇಪರು ಹಿಡಿದು ಬಾಗಿಲಿಗೆ ಬಂದರು. "ಮೇಷ್ಟ್ರೇ, ಹೋದೋರ್ನ ಹೊಗಳಾಕೆ ಊರೇ ಐತೆ. ಈಗ ಬಣ್ಣ ಹಚ್ಚೋರು ನಾಳೆ ಬೆಳಿಗ್ಗೆ ಎದ್ದು ಮತ್ತೆ ಕೆಲಸಕ್ಕೆ ಹೋಗಬೇಕು. ಚೆನ್ನಾಗಿ ಮಾಡಿದ್ರೆ ಅವರಿಗೆ ಈಗ್ಲೇ ಹೇಳಬೇಕಲ್ರೀ?"

ಅವರ ಲೆಕ್ಕದಲ್ಲಿ ಪಾಸಾದವರು ಬೆರಳೆಣಿಕೆಯಷ್ಟು ಜನ. ಪೋಷಕ ಪಾತ್ರಗಳಲ್ಲೇ ಕೂದಲು ಹಣ್ಣು ಮಾಡಿಕೊಂಡ ಒಬ್ಬ ನಟ ಅವರಿಗೆ ಪಂಚಪ್ರಾಣ. ಒಂದು ಚಿತ್ರದಲ್ಲಿ ಆತ ಐಸಿಯು ಹೊರಗೆ ಕೂತ ಗಂಡ. ಹೆಂಡತಿ ತೀರಿಹೋದಳೆಂದು ಡಾಕ್ಟರು ಹೇಳುತ್ತಾರೆ. ಆತ ಅಳುವುದಿಲ್ಲ, ಕುಸಿಯುವುದಿಲ್ಲ. ಕೈಯಲ್ಲಿದ್ದ ಟಿಫಿನ್ ಕ್ಯಾರಿಯರ್ ನೋಡಿಕೊಂಡು "ಇದನ್ನ ಎಲ್ಲಿಡ್ಲಿ?" ಎಂದು ಕೇಳುತ್ತಾನೆ. ಆ ದೃಶ್ಯವನ್ನು ನಾನು "ನಿರ್ಭಾವುಕ" ಎಂದು ಬರೆದಿದ್ದೆ. "ನಿರ್ಭಾವುಕನಾ? ಎಷ್ಟು ಜನ ನನ್ನ ಹತ್ರ ಬಂದು ಚಪ್ಪಲಿ ಎಲ್ಲಿ ಬಿಟ್ಟೆ, ನೀರಿನ ಬಾಟ್ಲಿ ಎಲ್ಲೋಯ್ತು ಅಂತ ಕೇಳ್ಯಾರೆ ಗೊತ್ತೇನ್ರೀ? ಆ ಯಪ್ಪ ಎಲ್ಲೋ ನೋಡ್ಯಾನೆ. ನೋಡದೆ ಹಂಗೆ ಮಾಡಾಕೆ ಬರಲ್ಲ," ಎಂದು ಜಗಳಕ್ಕೇ ನಿಂತರು.

ಇನ್ನೊಬ್ಬಳು ನಟಿ. ಈಗಲೂ ಅಕ್ಕನ ಪಾತ್ರ, ಅತ್ತಿಗೆಯ ಪಾತ್ರ ಮಾಡಿಕೊಂಡಿದ್ದಾಳೆ. ಕುರಿಹಟ್ಟಿಯಲ್ಲಿ ಹೆರುವ ದೃಶ್ಯದಲ್ಲಿ ಆಕೆ ಕಿರುಚದೆ ಮೇಲಿನ ಜಂತಿಯನ್ನೇ ನೋಡುತ್ತ ಮಲಗಿರುತ್ತಾಳೆ. ಅದನ್ನು ನರ್ಸಮ್ಮ ಮೊಬೈಲಿನಲ್ಲಿ ಹಿಂದೆ ಮುಂದೆ ಓಡಿಸಿ ಹತ್ತು ಸಲವಾದರೂ ನನಗೆ ತೋರಿಸಿದ್ದಾರೆ. ದೊಡ್ಡ ಹೀರೋಗಳೆಂದರೆ ಮೂಗು ಮುರಿಯುತ್ತಿದ್ದರು ಎಂದುಕೊಳ್ಳಬೇಡಿ. ನಮ್ಮವ್ವನ ಆರಾಧ್ಯದೈವನಾದ, ಸದಾ ಗರ್ಜಿಸುವ ಆ ಹೀರೋನನ್ನೂ ಒಂದು ಸಲ ಪಾಸು ಮಾಡಿದ್ದರು. "ಮೊದ್ಲನೇ ಫೈಟ್ನಾಗೆ ಬಲಗೈಗೆ ಪೆಟ್ಟಾಗ್ತೈತೆ. ಇಂಟರ್‌ವಲ್ ಆದ್ಮೇಲೂ ಆ ಕೈ ಮೇಲೆತ್ತಲಿಲ್ಲ ನೋಡ್ರಿ. ಉಣ್ಣೋದೂ ಎಡಗೈಲೇ. ಮರೀಲಿಲ್ಲ ಅವನು." ನಾನು ಆ ಚಿತ್ರಕ್ಕೆ ಅರ್ಧ ಪುಟ ಬೈಗುಳ ಬರೆದಿದ್ದೆ. ಎಡಗೈ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ!

ನೀರಿನಲ್ಲಿ ಮುಳುಗುವ ದೃಶ್ಯಕ್ಕೆ ಮಾತ್ರ ಅವರು ಇದುವರೆಗೆ ಒಬ್ಬರನ್ನೂ ಪಾಸು ಮಾಡಿರಲಿಲ್ಲ. ಸೂಳೆಕೆರೆ ಹತ್ತಿರ ಕೆಲಸದಲ್ಲಿದ್ದಾಗ ಕಂಡದ್ದನ್ನು ಹೇಳುತ್ತಿದ್ದರು. "ಕೈ ಬಡಿದು ಕಾಪಾಡ್ರೀ ಅಂತ ಯಾರೂ ಕೂಗಲ್ಲ. ಕೂಗಾಕೆ ಉಸಿರೆಲ್ಲಿರ್ತೈತೆ? ದಡದಾಗೆ ಬಟ್ಟೆ ಒಗೆಯೋರಿಗೂ ಗೊತ್ತಾಗಲ್ಲ. ಸುಮ್ನೆ ಹೋಗಿಬಿಡ್ತಾರೆ."

ಈ ಮಾತು ನನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದು ಕಿವಿಯಲ್ಲಿ ಹೋಗಿತ್ತು. ಯಾಕೆಂದರೆ ನಮ್ಮ ಮನೆಯಲ್ಲಿ ಸುಮ್ಮನಿರುವವರು ಯಾರೂ ಇರಲಿಲ್ಲ. ಅವ್ವನಿಗೆ ಮಂಡಿ ಹಿಡಿದರೆ ಓಣಿಗೆಲ್ಲ ತಿಳಿಯಬೇಕು. ತಲೆನೋವು ಬಂದರೆ "ಇವತ್ತಿಗೆ ನನ್ನ ಋಣ ತೀರ್ತು ಕಣಪ್ಪಾ" ಎಂದು ಮಕ್ಕಳನ್ನೆಲ್ಲ ಕರೆದು ಮುಖ ನೋಡುತ್ತಿದ್ದಳು. ಸಂಜೆ ಅದೇ ಬಾಯಲ್ಲಿ ಮಂಡಕ್ಕಿ ಮೆಣಸಿನಕಾಯಿ! ನಾನಂತೂ ಸಾಕುಸಾಕಾಗಿ "ಓವರ್ ಆ್ಯಕ್ಟಿಂಗು ಅವ್ವಾ" ಎಂದು ರೇಗಿಸುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಹೆಂಡತಿ ಮಕ್ಕಳು ಚನ್ನಗಿರಿಗೆ ಹೋಗಿದ್ದರು. ಪತ್ರಿಕೆಗೆ ಐದು ಗಂಟೆಯೊಳಗೆ ಬರಹ ಕಳಿಸಬೇಕು. ಒಳಗೆ ಟಿವಿಯಲ್ಲಿ ಅವ್ವನ ಹೀರೋನ ಹೊಸ ಚಿತ್ರ ಶುರುವಾಗಿತ್ತು. ಅವ್ವ ಬಾಗಿಲವರೆಗೆ ಬಂದು, "ಯಾಕೋ ದವಡೆ ಹಿಡ್ಕಂಡಂಗೆ ಐತೆ. ಒಂಚೂರು ಅಡ್ಡಾಗ್ತೀನಿ. ನೀನು ಬರ್ಕೋ," ಎಂದಳು. ನಾನು ತಲೆಯೆತ್ತದೆ ಹ್ಞೂಂ ಅಂದೆ. ಇವತ್ತು ಗಲಾಟೆಯಿಲ್ಲ ಎಂದು ಸಂತೋಷಪಟ್ಟೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಸಂತೋಷಪಟ್ಟದ್ದು ನಿಜ.

ಅರ್ಧ ಗಂಟೆ ಕಳೆದ ಮೇಲೆ ಸಿನಿಮಾ ನೋಡಲೆಂದು ನರ್ಸಮ್ಮ ಬಂದರು. ಒಳಗೆ ಹೋದವರು ಕೂರಲಿಲ್ಲ. ಹೊರಗೆ ಬಂದು ನನ್ನ ಲ್ಯಾಪ್‌ಟಾಪನ್ನು ಮುಚ್ಚಿದರು.

"ಅಕ್ಕಾರು ಯಾವಾಗ್ಲಿಂದ ಹಿಂಗೆ ಸುಮ್ನದಾರೆ?"

"ಆಗ್ಲಿಂದ. ಪುಣ್ಯಕ್ಕೆ ಇವತ್ತು ನಾಟಕ ಇಲ್ಲ."

"ಅದಕ್ಕೇ ಕೇಳಿದ್ದು. ಅವರ ಹೀರೋ ಬಂದ್ರೂ ಕಣ್ಣು ತೆಗೀಲಿಲ್ಲ. ತುಟಿ ಮೇಲೆ ಬೆವರು ನಿಂತೈತೆ. ಗಾಡಿ ತೆಗೀರಿ. ಮಾತಾಡಬ್ಯಾಡ್ರಿ, ತೆಗೀರಿ ಅಂದೆ!"

ಆಸ್ಪತ್ರೆಗೆ ಐದು ನಿಮಿಷ. ಡ್ಯೂಟಿ ಡಾಕ್ಟರು ಇಸಿಜಿ ತೆಗೆದು, ಆ ಕಾಗದ ನೋಡುತ್ತಲೇ ಮಾತ್ರೆ ಅಗಿಯಲು ಕೊಟ್ಟು, ಇಂಜೆಕ್ಷನ್ ಹಾಕಿ, ನನ್ನನ್ನು ಪಕ್ಕಕ್ಕೆ ಕರೆದರು. ಹೃದಯಾಘಾತ. ತಡಮಾಡದೆ ದಾವಣಗೆರೆಗೆ ಒಯ್ಯಬೇಕು. ಆಂಬುಲೆನ್ಸು ಹೆರಿಗೆ ಕೇಸಿಗೆಂದು ಸೊಕ್ಕೆಗೆ ಹೋಗಿತ್ತು. ಅದು ತಿರುಗಿ ಬರುವುದನ್ನು ಕಾಯುವಷ್ಟು ಹೊತ್ತಿಲ್ಲ ಎಂದರು. ರಜೆಯಲ್ಲಿದ್ದ ನರ್ಸಮ್ಮ, "ನಾನು ಹಿಂದೆ ಕೂರ್ತೀನಿ ಸಾರ್," ಎಂದವರೇ ಬೇಕಾದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡರು.

ಕಾರು ಊರು ಬಿಟ್ಟಿತು. ಮೆಕ್ಕೆಜೋಳದ ಸುಗ್ಗಿ. ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಕಲ್ಲಿಟ್ಟಿದ್ದರು. ಹಿಂದೆ ಅವ್ವ ನರ್ಸಮ್ಮನ ತೋಳಿಗೆ ಒರಗಿದ್ದಳು. "ಏನಾಗೈತೆ ನಂಗೆ?" ಎಂದು ಕೇಳಿದಳು. ಧ್ವನಿ ತುಂಬಾ ಸಣ್ಣಗಿತ್ತು.

"ಏನಾಗಬೇಕು? ಗ್ಯಾಸು. ಇಲ್ಲಿ ಮಿಷನ್ನು ಚಿಕ್ಕದು, ಅಲ್ಲಿ ದೊಡ್ಡದ್ರಾಗೆ ನೋಡ್ತಾರೆ, ಅಷ್ಟೇ. ಬಾಯಿ ಮುಚ್ಕಂಡು ಆರಾಮಾಗಿರ್ರಿ. ನಿಮ್ಮ ಹೀರೋ ಸಿನಿಮಾ ಅರ್ಧಕ್ಕೇ ಬಿಟ್ರಲ್ಲ, ಕಥಿ ನಾನು ಹೇಳ್ತೀನಿ."

ಹೇಳಲು ಶುರು ಮಾಡಿದರು. ಆ ಚಿತ್ರವನ್ನು ಅವರೂ ನೋಡಿರಲಿಲ್ಲ! ಅಲ್ಲಲ್ಲೇ ಹುಟ್ಟಿಸಿ ಹೇಳುತ್ತಿದ್ದರು. ಹೀರೋ ಕಬ್ಬಿನ ಗದ್ದೆಯಿಂದ ಎದ್ದು ಬರುವುದು, ವಿಲನ್ನಿಗೆ ಸವಾಲು ಹಾಕುವುದು. ಜನ್ಮದಲ್ಲಿ ಹಾಗೆ ಅಬ್ಬರಿಸದವರು ಹೀರೋನಂತೆ ಗರ್ಜಿಸಿ ಡೈಲಾಗು ಹೊಡೆದರು. ಅವ್ವನ ತುಟಿ ಬಿರಿಯಿತು. ಕನ್ನಡಿಯಲ್ಲಿ ನಾನು ನೋಡುತ್ತಿದ್ದೆ: ನರ್ಸಮ್ಮನ ಬಾಯಿ ನಗುತ್ತಿತ್ತು, ಎಡಗೈ ಅವ್ವನ ಭುಜ ಬಳಸಿತ್ತು, ಬಲಗೈಯ ಬೆರಳು ಅವ್ವನ ನಾಡಿಯ ಮೇಲಿದ್ದವು, ಕಣ್ಣು ಮಾತ್ರ ಗಡಿಯಾರ ಬಿಟ್ಟು ಕದಲುತ್ತಿರಲಿಲ್ಲ.

ಬಿಳಿಚೋಡು ದಾಟಿದ ಮೇಲೆ ಕುರಿಹಿಂಡು ಅಡ್ಡ ಬಂತು. ನೂರಾರು ಕುರಿ. ನಾನು ಹಾರ್ನ್ ಒತ್ತಿಯೇ ಒತ್ತಿದೆ. ಕುರಿ ಕಾಯುವವನು ಕೋಲು ಬೀಸಿ ದಾರಿ ಬಿಡಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಆಗ ಹಿಂದೆ ಕಥೆ ನಿಂತುಹೋಯಿತು. ವಾಕ್ಯದ ಮಧ್ಯೆಯೇ. ಒಂದು ಉಸಿರು, ಎರಡು ಉಸಿರು. ನಾನು ತಿರುಗಬೇಕೆಂದುಕೊಂಡೆ. ಅಷ್ಟರಲ್ಲಿ ಅದೇ ಧ್ವನಿ, ಅದೇ ಕಥೆಯ ಧಾಟಿಯಲ್ಲಿ ಮುಂದುವರಿಯಿತು.

"ಆಮೇಲೆ ಹೀರೋ ಏನು ಮಾಡ್ತಾನೆ ಅಂದ್ರೆ ಅಕ್ಕಾರೆ, ಗಾಡಿನ ಇನ್ನೂ ಜೋರಾಗಿ ಬಿಡ್ತಾನೆ. ಎದುರಿಗೆ ಯಾರೇ ಬರ್ಲಿ, ಹಿಂದೆ ಏನೇ ಆಗ್ಲಿ, ತಿರುಗಿ ನೋಡಲ್ಲ. ರಸ್ತೆ ಒಂದೇ ನೋಡ್ತಾನೆ."

ನನಗೆ ಅರ್ಥವಾಯಿತು. ಕಣ್ಣು ಮಂಜಾದರೂ ರಸ್ತೆಯನ್ನೇ ನೋಡಿದೆ. ದಾವಣಗೆರೆಯ ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರು ಬಂದು ಅವ್ವನನ್ನು ಒಳಗೆ ಒಯ್ಯುವವರೆಗೂ ನರ್ಸಮ್ಮ ನಗುತ್ತಲೇ ಇದ್ದರು. "ಕ್ಲೈಮ್ಯಾಕ್ಸ್ ವಾಪಸ್ ಬಂದ್ಮೇಲೆ ಹೇಳ್ತೀನಿ, ಹೋಗಿಬರ್ರಿ," ಎಂದು ಕೈ ಬೀಸಿದರು. ಬಾಗಿಲು ಮುಚ್ಚಿತು. ಅವರು ಅಲ್ಲೇ ಗೋಡೆಗೆ ಒರಗಿ ನೆಲಕ್ಕೆ ಕೂತುಬಿಟ್ಟರು. ನೀರು ತಂದುಕೊಟ್ಟರೆ ಲೋಟ ಹಿಡಿಯಲಾಗದೆ ಸೀರೆಯೆಲ್ಲ ಒದ್ದೆ ಮಾಡಿಕೊಂಡರು.

"ಕುರಿ ಅಡ್ಡ ಬಂದಾಗ ನಾಡಿ ತಪ್ಪಿ ತಪ್ಪಿ ಹೊಡೀತು ಮೇಷ್ಟ್ರೇ. ಹೋದ್ರು ಅಂದ್ಕಂಡೆ," ಎಂದು ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಅವ್ವ ಉಳಿದಳು. ರಕ್ತನಾಳಕ್ಕೆ ಸ್ಟೆಂಟು ಹಾಕಿದರು. ಇನ್ನೊಂದು ಗಂಟೆ ಕಳೆದಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯ ಡಾಕ್ಟರು. ಮನೆಗೆ ಬಂದ ವಾರವೇ ನಾನು ಒಂದು ಲೇಖನ ಬರೆದೆ. ನಾನು ಕಂಡ ಅತ್ಯುತ್ತಮ ಅಭಿನಯ ಯಾವ ತೆರೆಯ ಮೇಲೂ ಅಲ್ಲ, ನನ್ನ ಕಾರಿನ ಹಿಂದಿನ ಸೀಟಿನಲ್ಲಿ ನಡೆಯಿತು ಎಂದು. ಕಳಿಸುವ ಮೊದಲು ನರ್ಸಮ್ಮನಿಗೆ ಓದಿ ಹೇಳಿದೆ. ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಳಿಚಿತು.

"ಬ್ಯಾಡ. ದಮ್ಮಯ್ಯ, ಬ್ಯಾಡ. ಇದನ್ನ ಊರು ಓದಿದ್ರೆ ನಾಳೆ ನಾನು ಏನೂ ಆಗಲ್ಲ ಸುಮ್ನಿರವ್ವ ಅಂದಾಗ ಯಾರು ನಂಬ್ತಾರೆ? ನರ್ಸಮ್ಮ ನಾಟಕ ಆಡ್ತಾಳೆ ಅಂತ ಗೊತ್ತಾದ್ರೆ ನನ್ನ ಕೈಲಿ ಇನ್ನೇನು ಉಳೀತು? ಅಕ್ಕಾರಿಗೂ ಹೇಳಬ್ಯಾಡ್ರಿ. ಗ್ಯಾಸು ಅಂತ ನಂಬ್ಯಾರೆ, ನಂಬ್ಕಂಡು ಇರ್ಲಿ."

ಅವ್ವನೂ ಹಾಗೇ ಇದ್ದಳು. ಬಂದವರಿಗೆಲ್ಲ "ಗ್ಯಾಸು ಜಾಸ್ತಿ ಆಗಿತ್ತಂತೆ, ನರ್ಸಮ್ಮ ಹೇಳಿದ್ಲು" ಎನ್ನುತ್ತಿದ್ದಳು. ಮಂಡಿನೋವಿನ ಕೂಗಾಟ ಮತ್ತೆ ಶುರುವಾಯಿತು. ಈ ಸಲ ಅದನ್ನು ಕೇಳಿ ನಾನು ರೇಗಲಿಲ್ಲ. ಲೇಖನವನ್ನು ಯಾರಿಗೂ ತೋರಿಸಲಿಲ್ಲ. ನರ್ಸಮ್ಮ ನಿವೃತ್ತರಾಗಿ ನ್ಯಾಮತಿಯ ತಮ್ಮನ ಮನೆಗೆ ಹೋದರು. ಹೊಸ ಚಿತ್ರ ಬಂದಾಗಲೆಲ್ಲ ಫೋನಿನಲ್ಲಿ ಅವ್ವನೊಡನೆ ಜಗಳವಾಡುತ್ತಿದ್ದರು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರ ತಮ್ಮ ಫೋನು ಮಾಡಿದರು. ಬೆಳಿಗ್ಗೆ ಹೂ ಕೊಯ್ಯುತ್ತಿದ್ದವರು ಹಿತ್ತಲಲ್ಲೇ ಕುಸಿದು ತೀರಿಕೊಂಡರಂತೆ. ಪಕ್ಕದಲ್ಲೇ ಇದ್ದವರಿಗೂ ಸದ್ದು ಕೇಳಲಿಲ್ಲವಂತೆ. ಅವ್ವನನ್ನು ಕರೆದುಕೊಂಡು ನ್ಯಾಮತಿಗೆ ಹೋದೆ. ಅಲ್ಲಿ ಅವ್ವ ಎದೆ ಬಡಿದುಕೊಂಡು ಅಳುತ್ತಾಳೆಂದು ಹೆದರಿದ್ದೆ. ಅಳಲಿಲ್ಲ. ಎತ್ತುವವರೆಗೂ ತಲೆಯ ಹತ್ತಿರ ಕೂತಿದ್ದಳು.

ವಾಪಸು ಬರುವಾಗ ಹೊನ್ನಾಳಿಯಲ್ಲಿ ಹೊಳೆ ದಾಟಿದ ಮೇಲೆ ಹಿಂದಿನ ಸೀಟಿನಿಂದ ಅವ್ವ ಮಾತಾಡಿದಳು.

"ಆವತ್ತು ಕಥಿ ಹೇಳ್ತಾ ಹೇಳ್ತಾ ಅವಳ ಕೈ ನಡುಗ್ತಿತ್ತು ಕಣೋ. ನನ್ನ ನಾಡಿ ಮೇಲೇ ಇತ್ತಲ್ಲ, ನಂಗೆ ಗೊತ್ತಾಗದೆ ಇರ್ತೈತೇನು? ಇವತ್ತಿಗೆ ಮುಗೀತು ಅಂತ ಆವಾಗ್ಲೇ ಗೊತ್ತಾತು. ಭಾಳ ಹೆದರಿಕೆ ಆತಪ್ಪಾ."

"ಮತ್ತೆ ನಗ್ತಿದ್ದೆಯಲ್ಲವ್ವಾ?"

"ನಗದೆ ಏನು ಮಾಡ್ಲಿ? ನಾನು ಹೆದರೀನಿ ಅಂತ ಅವಳಿಗೆ ಗೊತ್ತಾಗಿದ್ರೆ ಪಾಪ, ಅವಳ ಕೈಲಿ ಆಗ್ತಿರಲಿಲ್ಲ. ನಂಬಿದೋಳಂಗೆ ಇದ್ದುಬಿಟ್ಟೆ."

ನಾನು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದೆ. ಹದಿನಾಲ್ಕು ವರ್ಷದಿಂದ ಅಭಿನಯದ ಬಗ್ಗೆ ಬರೆಯುತ್ತಿದ್ದೇನೆ. ಆವತ್ತು ನಟಿಸಿದವರು ಇಬ್ಬರು. ನಾನು ಕನ್ನಡಿಯಲ್ಲಿ ನೋಡಿದ್ದು ಒಬ್ಬರನ್ನು ಮಾತ್ರ.