ತೊಳೆದ ಮಡಕೆ

ಐದಾರು ವರ್ಷಗಳ ಹಿಂದೆ, ಮಗಳು ಪಿಯುಸಿ ಸೇರಿದ ಮೇಲೆ, ಗುಬ್ಬಿ ತಾಲ್ಲೂಕಿನ ಒಂದು ಉತ್ಖನನದಲ್ಲಿ ನಾನು ಲೇಬಲ್ ಬರೆಯುವ ಕೆಲಸಕ್ಕೆ ಸೇರಿದೆ. ಅದುವರೆಗೆ ತುಮಕೂರಿನ ಮನೆ ಬಿಟ್ಟು ಬೇರೆ ಆಫೀಸು ಕಂಡವಳಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿಸಿದ ನನ್ನ ದುಂಡು ಅಕ್ಷರ ನೋಡಿ ಜಯಶೀಲಾ ಮೇಡಂ ಕರೆದಿದ್ದರು. ಮೂವತ್ತು ವರ್ಷ ನೆಲ ಅಗೆಸಿದ್ದ ಪುರಾತತ್ವಜ್ಞೆ ಅವರು. ನಿವೃತ್ತಿಗೆ ಮುಂಚಿನ ಕೊನೆಯ ಉತ್ಖನನ ಅದು.

ದೊಡ್ಡ ಕಲ್ಲುಗಳಡಿಯ ಹಳೆಯ ಸಮಾಧಿಯಲ್ಲಿ ಸಿಕ್ಕಿದ ಮಡಕೆಗಳೆಲ್ಲ ಚೂರುಚೂರು. ಒಂದು ಮಾತ್ರ ಇಡಿಯಾಗಿತ್ತು. ಅವತ್ತು ಮೇಡಂ ಮೀಟಿಂಗಿಗೆಂದು ತುಮಕೂರಿಗೆ ಹೊರಟವರು, "ಸಂಜೆ ಫೋಟೋ ತೆಗೀಬೇಕು, ಮಡಕೆ ಕ್ಲೀನಾಗಿರ್ಲಿ" ಎಂದರು.

ನಾನು ಗೃಹಿಣಿ. ಒಳಗೆಲ್ಲ ಮಣ್ಣು ಮೆತ್ತಿದ ಮಡಕೆ ಕಂಡರೆ ಕೈ ಸುಮ್ಮನಿರುತ್ತದೆಯೇ? ಟಬ್ಬಿಗೆ ನೀರು ತುಂಬಿ, ತೆಂಗಿನ ನಾರಿನಿಂದ ಒಳಗೂ ಹೊರಗೂ ಉಜ್ಜಿದೆ.

ಅಗೆಯುವ ಕೆಲಸಕ್ಕೆ ಅಮೃತೂರಿನಿಂದ ಬಂದು ಅಲ್ಲೇ ಬಿಡಾರ ಹೂಡಿದ್ದ ಪುಟ್ಟತಾಯಮ್ಮ ನೋಡಿ ನಿಂತಲ್ಲೇ ನಿಂತಳು.

"ಏನ್ ಮಾಡ್ಬುಟ್ರಿ ಅಕ್ಕಾ! ಮೇಡಮ್ಮೋರು ಕಾಯ್ತಿದ್ದುದೇ ಆ ಒಳಗಿನ ಮಣ್ಣಿಗೆ ಕಣಕ್ಕಾ. ಆಗಿನೋರು ಏನ್ ಉಣ್ತಿದ್ರು ಅಂತ ಅದ್ರಾಗೇ ಕಾಳು ಹುಡುಕೋದು."

ಟಬ್ಬಿನ ಅಂಚಿಗೆ ನನ್ನ ಬಳೆ ಟಣಟಣ ಬಡಿಯುವುದು ಕೇಳಿಸಿತು. ಕೈ ನಡುಗುತ್ತಿರುವುದು ಗೊತ್ತಾದದ್ದೇ ಆಗ. ಮೇಡಂ ಅವರ ಕೊನೆಯ ಉತ್ಖನನದ ಒಂದೇ ಇಡೀ ಮಡಕೆ!

ಪುಣ್ಯಕ್ಕೆ ನೀರು ಚೆಲ್ಲಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಗಾಳಿಸುವ ಹಾಗೆ ಆ ಕೆಸರುನೀರನ್ನು ಮೆಲ್ಲಗೆ ತಿರುಗಿಸಿ ತಿರುಗಿಸಿ ಬಗ್ಗಿಸಿದೆ. ಕರಿಗಟ್ಟಿದ ಸಣ್ಣ ಕಾಳು ಹತ್ತಾರು ತೇಲಿ ಬಂದವು. ಕರ್ಚೀಫಿನಲ್ಲಿ ಹಿಡಿದಿಟ್ಟೆ.

ಜೀಪಿನ ಸದ್ದಾದಾಗ ಓಡಿಹೋಗಬೇಕೆನಿಸಿತು. ಹೇಗೋ ಎಲ್ಲ ಹೇಳಿದೆ. ಮೇಡಂ ಕರ್ಚೀಫಿನ ಮೇಲೆ ಲೆನ್ಸ್ ಹಿಡಿದರು.

"ಸುಟ್ಟ ಕಾಳು..." ಅವರ ಮುಖ ಅರಳಿತು. ಮರುಕ್ಷಣವೇ ತಲೆಯೆತ್ತಿದರು. "ಈ ಟಬ್ಬಲ್ಲಿ ಮೊದ್ಲು ಏನು ತೊಳೆದಿದ್ರಿ?"

ಪುಟ್ಟತಾಯಮ್ಮ ಸೆರಗು ಹಿಂಡಿದಳು. "ಬೆಳಿಗ್ಗೆ ನಮ್ ಒಲೆ ಪಾತ್ರೆ. ಕಾಳು ಸೀದೋಗಿತ್ತು."

ಅರಳಿದ ಮುಖ ಮುದುಡುವುದನ್ನು ನೋಡಿದೆ. ಆ ಕಾಳು ಸಮಾಧಿಯದೋ, ಬೆಳಗಿನ ನಾಷ್ಟಾದ್ದೋ?

"ಯಾರ್ಗ್ ಗೊತ್ತಾಯ್ತದೆ, ಬುಡಿ ಮೇಡಮ್ಮಾ."

"ನಮಗೆ ಮೂವರಿಗೂ ಗೊತ್ತಲ್ಲ ತಾಯಿ."

ಮೇಡಂ ದಿನದ ರಿಜಿಸ್ಟರ್ ತೆರೆದು ಬರೆದರು: 'ಕಾಳುಗಳ ಮೂಲ ಅನುಮಾನಾಸ್ಪದ. ಪುರಾವೆಯಾಗಿ ಬಳಸಬಾರದು.' ಅದರ ಕೆಳಗೆ 'ತಪ್ಪು ಮಾಡಿದವರು' ಎಂದು ಬರೆದು ಪೆನ್ನು ನಿಲ್ಲಿಸಿದರು. ಏಟಿಗೆಂದು ಸಿಸ್ಟರ್ ಮುಂದೆ ಅಂಗೈ ಚಾಚಿದ ಹುಡುಗಿಯ ಹಾಗೆ ನಿಂತೆ.

ಅವರು ಬರೆದದ್ದು: 'ಜಯಶೀಲಾ. ಹೊಸಬರಿಗೆ ಹೇಳಿಕೊಡದೆ ಹೋದೆ.'

ನನ್ನ ಹೆಸರು ಎಲ್ಲೂ ಇರಲಿಲ್ಲ. ಪೆನ್ನು ಈಸಿಕೊಂಡು, ಕೆಳಗೆ ನಾನೇ ಬರೆದೆ: 'ತೊಳೆದವಳು ನಾನು. ಕೇಳದೆ ತೊಳೆದೆ.' ಆ ಸಾಲಿನ ಅಕ್ಷರ ಮಾತ್ರ ದುಂಡಾಗಿ ಬರಲಿಲ್ಲ.

ಮೇಡಂ ನಿವೃತ್ತರಾದರು; ನಾನು ಈ ಕೆಲಸದಲ್ಲೇ ಉಳಿದೆ. ಆಗಿನವರು ಏನು ಉಣ್ಣುತ್ತಿದ್ದರು ಎಂಬ ಅವರ ಪ್ರಶ್ನೆಗೆ ಆ ಸಮಾಧಿ ಉತ್ತರ ಕೊಡಲಿಲ್ಲ. ಈಗ ಕೆಲಸಕ್ಕೆ ಬರುವ ಹೊಸ ಹುಡುಗಿಯರಿಗೆ ಮೊದಲ ದಿನ ನಾನು ಆ ಪುಟವನ್ನೇ ತೋರಿಸುತ್ತೇನೆ. ಮಡಕೆ ಎತ್ತುವಾಗ ನನ್ನ ಕೈ ಇವತ್ತಿಗೂ ನಡುಗುತ್ತದೆ. ಆ ನಡುಕ ಹೋಗದಿರಲಿ. ಕೇಳಿ ಮುಟ್ಟುವುದನ್ನು ಕಲಿಸಿದ್ದು ಅದೇ. ಕೆಲಸಕ್ಕೆ ಬರುವಾಗ, ಮಡಕೆಗೆ ತಾಗದಿರಲೆಂದು, ಬಳೆ ಮಾತ್ರ ಮನೆಯಲ್ಲೇ ಬಿಚ್ಚಿಟ್ಟು ಬರುತ್ತೇನೆ.