ಮುಚ್ಚಳದ ಮೇಲಿನ ಕೆಂಡ

ಆ ಕಾಲಕ್ಕೆ ನಮ್ಮ ತಂಬ್ರಹಳ್ಳಿಯಲ್ಲಿ ಬೆಂಕಿ ಅಂದರೆ ಪಾತ್ರೆಯ ಕೆಳಗೆ ಇರಬೇಕಾದದ್ದು. ಮುಚ್ಚಳದ ಮೇಲೂ ಬೆಂಕಿ ಇಡಬಹುದೆಂದು ತೋರಿಸಿದವಳು ಗೌರತ್ತೆ, ನನ್ನ ಅಪ್ಪನ ತಂಗಿ. ತೊಂಬತ್ತರ ದಶಕದ ಒಂದು ಮಧ್ಯಾಹ್ನ. ಅಡುಗೆಮನೆಯಲ್ಲಿ ಅತ್ತೆ, ಬೀಸಣಿಗೆ ಹಿಡಿದ ಎಂಟು ವರ್ಷದ ನಾನು. ಪಡಸಾಲೆಯಲ್ಲಿ ಅಜ್ಜ, ಅಜ್ಜಿ, ಮತ್ತು ಅತ್ತೆಯನ್ನು ಕರೆದೊಯ್ಯಲು ಹರಪನಹಳ್ಳಿಯಿಂದ ಬಂದಿದ್ದ ಇಬ್ಬರು: ಅವಳ ಗಂಡ ಮತ್ತು ಅವನ ದೊಡ್ಡಪ್ಪ.

ಪಂಚಮಿಗೆಂದು ತವರಿಗೆ ಬಂದ ಅತ್ತೆ ಮಹಾನವಮಿ ಹತ್ತಿರವಾದರೂ ತಿರುಗಿ ಹೋಗಿರಲಿಲ್ಲ. ಕಾರಣ ಕೇಳಿದರೆ ನಗುವಂಥದ್ದು, ಬಿಸ್ಕತ್ತು. ಮದುವೆಗೆ ಮುಂಚೆ ಪಕ್ಕದ ಮನೆಯ ಫಾತಿಮಾಬಿ ಅವಳಿಗೆ ಮನೆಯಲ್ಲೇ ಬಿಸ್ಕತ್ತು ಸುಡುವುದನ್ನು ಕಲಿಸಿದ್ದಳು. ಹಳೇ ದಬರಿ ಪಾತ್ರೆಯ ತಳಕ್ಕೆ ಹಗರಿ ಹೊಳೆಯ ಮರಳು ಹಾಕಿ ಒಲೆಯ ಮೇಲೆ ಕಾಯಿಸಬೇಕು. ಅದರೊಳಗೆ ಬಿಸ್ಕತ್ತಿನ ತಟ್ಟೆ ಇಟ್ಟು, ಮುಚ್ಚಳ ಮುಚ್ಚಿ, ಮೇಲೆ ಕೆಂಡ ಹರವಬೇಕು. ಮೈದಾ, ಡಾಲ್ಡಾ, ಪುಡಿ ಸಕ್ಕರೆ, ಏಲಕ್ಕಿ ಫಾತಿಮಾಬಿಯ ಲೆಕ್ಕ. ಹುರಿದ ಶೇಂಗಾ ಪುಡಿ ಅತ್ತೆಯ ಸ್ವಂತದ್ದು. ಗಂಡನ ಮನೆಯಲ್ಲೂ ಒಂದು ದಿನ ಮಾಡಿದಳು. "ಉಣ್ಣೋ ಒಲಿ ಮ್ಯಾಲ ಮರಳು ಕಾಸ್ತಾಳ, ಯಾರ ಮನಿ ಪದ್ಧತಿ ಇದು" ಎಂದು ಗಂಡನ ತಾಯಿ ಬಿಸಿ ಬಿಸ್ಕತ್ತನ್ನೆಲ್ಲ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದಳು.

"ಸುರದದ್ದಕ್ಕ ನನಗ ಸಿಟ್ಟಿಲ್ಲವ್ವ," ಎಂದು ಅತ್ತೆ ಅಜ್ಜಿಗೆ ಹೇಳಿದ್ದು ನನಗೆ ನೆನಪಿದೆ. "ಅವ್ರು ಬಾಗಲದಾಗ ನಿಂತು ನೋಡಿದ್ರು. ಒಂದು ಮಾತು ಆಡ್ಲಿಲ್ಲ."

ಅವ್ರು ಅಂದರೆ ಗಂಡ.

ಆ ಮಧ್ಯಾಹ್ನ ಅತ್ತೆ ಮುಚ್ಚಳದ ಮೇಲೆ ಕೆಂಡ ಹರವಿ ಕೈ ಒರೆಸಿಕೊಳ್ಳುತ್ತಿದ್ದಾಗ ಅಜ್ಜ ಒಳಗೆ ಬಂದ.

"ಬಟ್ಟಿ ಗಂಟು ಕಟ್ಟು. ಸಂಜಿ ಬಸ್ಸಿಗೆ ಕಳಸ್ತೀನಿ ಅಂದೀನಿ."

"ಇದು ಬೇಯಲಿ ಅಪ್ಪ. ನಡುವ ಮುಚ್ಚಳ ತಗದ್ರ ಬೂದಿ ಒಳಗ ಬೀಳ್ತತಿ."

"ಬೀಗ್ರು ಕಾಯಾಕ ಹತ್ಯಾರ."

"ಕಾಯಲಿ. ಕುಂತ್ರ ಕಾಲು ಸವೆಯಂಗಿಲ್ಲ."

ಅಜ್ಜ ಕೆಂಡದ ಕಡೆಗೊಮ್ಮೆ ಮಗಳ ಕಡೆಗೊಮ್ಮೆ ನೋಡಿ ಹೊರಗೆ ಹೋದ. ಮಗಳು ಕೊಟ್ಟ ಮನೆಯಲ್ಲಿರಬೇಕು ಎನ್ನುವುದರಲ್ಲಿ ಅವನಿಗೆ ಎರಡು ಮಾತಿರಲಿಲ್ಲ. ಫಾತಿಮಾಬಿ ಕಲಿಸಿದ್ದು ಎಂದು ಆ ಬಿಸ್ಕತ್ತನ್ನು ಒಮ್ಮೆಯೂ ಬಾಯಿಗಿಟ್ಟವನಲ್ಲ.

ನಾನು ಬೀಸುತ್ತಲೇ ಇದ್ದೆ. ಮೊದಲು ಏಲಕ್ಕಿ, ಆಮೇಲೆ ಶೇಂಗಾ, ಕೊನೆಗೆ ಸಕ್ಕರೆ ಕೆಂಪಾಗುವ ವಾಸನೆ ಪಡಸಾಲೆಯವರೆಗೂ ನಡೆದು ಹೋಯಿತು.

"ಏನ್ ಗಮಲು ಐತಲ್ರಿ," ಎಂದ ದೊಡ್ಡಪ್ಪ.

"ನಿಮ್ಮನಿ ಸೊಸಿ ಮರಳು ಕಾಸಾಕ ಹತ್ಯಾಳ," ಎಂದಳು ಅಜ್ಜಿ.

ಆತ ಕೆಮ್ಮಿದ. "ನೋಡ್ರಿ, ಗೌರವ್ವನ್ನ ನಾವು ಕರ್ಕಂಡು ಹೋಗ್ತೀವಿ. ಆದ್ರ ಈ ಮರಳಿನ ಆಟ ಇಲ್ಲೇ ಬಿಟ್ಟು ಬರ್ಲಿ. ಅದೊಂದು ಮಾತು ಕೊಡ್ಲಿ, ಸಾಕು."

"ಅಷ್ಟಾ ಅಲ್ಲೇನ್ರಿ, ಬಿಡ್ತಾಳ," ಎಂದುಬಿಟ್ಟ ಅಜ್ಜ.

ಅತ್ತೆಗೆ ಅದು ಕೇಳಿಸಿತು. ಅವಸರ ಮಾಡಲಿಲ್ಲ. ಇಕ್ಕಳದಲ್ಲಿ ಒಂದೊಂದೇ ಕೆಂಡ ತೆಗೆದು ಒಲೆಗೆ ಹಾಕಿ, ಬೂದಿ ಊದಿ, ಮುಚ್ಚಳ ಎತ್ತಿದಳು. ಹೊಂಬಣ್ಣದ ಬಿಸ್ಕತ್ತುಗಳು, ಪ್ರತಿಯೊಂದರ ನಡುವೆ ಅವಳ ಹೆಬ್ಬೆರಳು ಒತ್ತಿದ ಕುಳಿ. ತಟ್ಟೆ ತಂದು ಪಡಸಾಲೆಯ ನಡುವೆ ಇಟ್ಟಳು. ನಾನೂ ಬೀಸಣಿಗೆ ಹಿಡಿದೇ ಅವಳ ಹಿಂದೆ ಬಂದು ಬಾಗಿಲ ಬಳಿ ನಿಂತೆ.

ದೊಡ್ಡಪ್ಪ ಬೇಡವೆನ್ನುತ್ತಲೇ ಒಂದು ತೆಗೆದುಕೊಂಡ. ಅದು ಬಾಯಲ್ಲಿ ಇರುವಾಗಲೇ ಇನ್ನೊಂದಕ್ಕೆ ಕೈ ಹೋಯಿತು.

"ರುಚಿ ಐತೇನ್ರಿ?" ಅಜ್ಜಿ ಕೇಳಿದಳು.

"ಐತಿ ಬಿಡ್ರಿ."

"ನಿಮ್ಮನಿ ಎಮ್ಮೀನೂ ಅದನ್ನಾ ಅಂದಿತ್ತಂತ್ರಿ."

ಆತನ ಕೈ ಅಲ್ಲೇ ನಿಂತಿತು. ನಗು ಮುಚ್ಚಲು ಸೆರಗಿಲ್ಲದ್ದರಿಂದ ನಾನು ಬೀಸಣಿಗೆಯನ್ನೇ ಬಾಯಿಗೆ ಅಡ್ಡ ಹಿಡಿದೆ. ಅತ್ತೆ ಮಾತ್ರ ನಗಲಿಲ್ಲ. ಗಂಡನ ಎದುರು ನಿಂತಳು.

"ನೀವು ಹೇಳ್ರಿ. ನಾಳೆ ನಾ ಮತ್ತ ಒಲಿ ಮ್ಯಾಲ ಮರಳು ಇಡ್ತೀನಿ. ಮತ್ತ ಯಾರಾದ್ರು ಬಾನಿಗೆ ಸುರೀತಾರ. ಈ ಸಲ ಏನಂತೀರಿ?"

ಅವನು ಕೆಟ್ಟವನಲ್ಲ. ಬಾಯಿ ತೆರೆದ ಕೂಡ. ಆದರೆ ಮಾತು ಬರುವ ಮುಂಚೆ ದೊಡ್ಡಪ್ಪನ ಮುಖ ನೋಡಿದ.

"ಆತು ಬಿಡ್ರಿ. ಹಂಗಾರ ನಾ ಬರಂಗಿಲ್ಲ," ಎಂದಳು ಅತ್ತೆ.

ಎಲ್ಲರೂ ಅಜ್ಜನ ಕಡೆ ತಿರುಗಿದರು. ಈಗ ಎದ್ದು ಬೈಯುತ್ತಾನೆ ಎಂದು ನಾನು ಬಾಗಿಲ ಹಿಂದೆ ಸರಿದೆ. ಅಜ್ಜ ಕೈ ಚಾಚಿ ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದುಕೊಂಡ. ಕಡಿದ. ಪೂರ್ತಿ ತಿಂದು ಮೀಸೆಯ ಪುಡಿ ಒರೆಸಿಕೊಂಡ.

"ಸಂಜಿ ಬಸ್ಸಿನ ಹೊತ್ತಾತು," ಎಂದ ಬೀಗರಿಗೆ. "ತಪ್ಪಿದ್ರ ಬೆಳಗಿನ ತನಕ ಮತ್ತೊಂದಿಲ್ಲ. ಹೊರಡ್ರಿ."

ಊರವರು ಬಾಯಿಗೆ ಬಂದದ್ದು ಆಡಿದರು. ಅದೇ ಊರವರು ಮುಂದಿನ ದೀಪಾವಳಿಯ ಹೊತ್ತಿಗೆ ಮೈದಾ, ಡಾಲ್ಡಾ ಹಿಡಿದು ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತರು. ಅತ್ತೆಯನ್ನು ಗಂಡ ಬಿಟ್ಟವಳು ಎಂದು ಈಗಲೂ ಯಾರಾದರೂ ಅಂದರೆ ನಾನು ತಿದ್ದುತ್ತೇನೆ: ಬಿಟ್ಟವಳು ಅವಳು.

ಈಗ ನಮ್ಮ ಪಕ್ಕದ ಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಸಾಕು, ನಾಲ್ಕು ಹೆಜ್ಜೆಗೊಂದು ಬೇಕರಿ. ಕೈ ಚಾಚಿದ ಕೂಡಲೇ ಬಿಸ್ಕತ್ತು ಸಿಗುತ್ತದೆ. ಅದು ಬೇಯುವುದನ್ನು ಯಾರೂ ಕಾಯುವುದಿಲ್ಲ, ಯಾರನ್ನೂ ಯಾರೂ ಕಾಯಿಸುವುದಿಲ್ಲ. ಅಜ್ಜ ಇಲ್ಲ, ಅಜ್ಜಿ ಇಲ್ಲ, ಫಾತಿಮಾಬಿಯ ಮನೆಯಿದ್ದ ಜಾಗದಲ್ಲಿ ಗೊಬ್ಬರದ ಅಂಗಡಿ. ಶೇಂಗಾ ಕೆಂಪಾಗುವ ಆ ವಾಸನೆ ನನಗೆ ಯಾವ ಬೇಕರಿಯಲ್ಲೂ ಸಿಕ್ಕಿಲ್ಲ.

ಹೋದ ವರ್ಷ ಹಳೇ ಅಡುಗೆಮನೆ ಕೆಡವಿ ಹೊಸದು ಕಟ್ಟಿಸಿದೆವು. ಮೂಲೆಯ ದಬರಿಯಲ್ಲಿದ್ದ, ಸುಟ್ಟು ಸುಟ್ಟು ಕಪ್ಪಾಗಿದ್ದ ಮರಳನ್ನು ಗಾರೆಯವರು ತಿಳಿಯದೆ ಸಿಮೆಂಟಿಗೆ ಕಲಸಿ ಗೋಡೆಗೆ ಮೆತ್ತಿಬಿಟ್ಟರು. ಅತ್ತೆ ಹಸಿ ಗೋಡೆಯ ಮೇಲೆ ಒಮ್ಮೆ ಕೈಯಾಡಿಸಿದಳು. ಮರುದಿನ ಬೆಳಿಗ್ಗೆ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹಗರಿ ಹೊಳೆಯ ಕಡೆ ನಡೆದಳು.