ಮೂರು ತಿಂಗಳು ತುಂಬುವವರೆಗೆ

ನಮ್ಮ ಕಡೆ ಆಗ ಇನ್ಶೂರೆನ್ಸ್ ಎಂದರೆ ಸತ್ತ ಮೇಲೆ ಬರುವ ದುಡ್ಡು, ಅಷ್ಟೇ. ಬದುಕಿರುವವರ ಜ್ವರಕ್ಕೂ ಹೊಟ್ಟೆನೋವಿಗೂ ಇನ್ಶೂರೆನ್ಸ್ ಇರುತ್ತದೆ ಎಂದು ನನಗೆ ಗೊತ್ತಾದದ್ದು ಗುಂಡ್ಲುಪೇಟೆಯ ನಮ್ಮ ಮನೆಯ ಮುಂಭಾಗಕ್ಕೆ ಬಾಡಿಗೆಗೆ ಬಂದ ಹೊರದೇಶದ ಗಂಡ ಹೆಂಡತಿಯಿಂದ. ಗಂಡ ತೆರಕಣಾಂಬಿಯ ಹಳೆಯ ಶಾಸನಗಳನ್ನು ಓದಲು ಬಂದಿದ್ದ ವಿದ್ವಾಂಸರು. ನಮಗೆ ಅವರು ಸಾರ್, ಹೆಂಡತಿ ಮೇಡಂ. ನಾನು ಬಿ.ಎ. ಮುಗಿಸಿ, ಗಂಡು ಗೊತ್ತಾಗುವವರೆಗೆ ಮನೆಯಲ್ಲಿದ್ದವಳು. ಮೇಡಂಗೂ ನಮ್ಮವ್ವನಿಗೂ ನಡುವೆ ನಾನೇ ದುಭಾಷಿ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಜಂಬ ಮಾತ್ರ ದಂಡಿಯಾಗಿತ್ತು.

ಅವರನ್ನು ಕಳುಹಿಸಿದ ವಿಶ್ವವಿದ್ಯಾಲಯವೇ ಇಬ್ಬರಿಗೂ ಆರೋಗ್ಯ ವಿಮೆ ಮಾಡಿಸಿತ್ತು. ಮೇಡಂ ಪರ್ಸಿನಲ್ಲಿ ಒಂದು ಕಾರ್ಡ್ ಇರುತ್ತಿತ್ತು. ಕಾಯಿಲೆ ಬಿದ್ದರೆ ಅದರ ಮೇಲಿನ ನಂಬರಿಗೆ ಫೋನ್ ಮಾಡಬೇಕು. ಯಾವ ಆಸ್ಪತ್ರೆಗೆ ಹೋಗಬೇಕೆಂದು ಕಂಪನಿಯವರು ಹೇಳುತ್ತಾರೆ, ಕಾರನ್ನೂ ಅವರೇ ಕಳಿಸುತ್ತಾರೆ. ಬಸುರಾದರೆ ಮಾತ್ರ, ಗೊತ್ತಾದ ಕೂಡಲೇ ಅವರಿಗೆ ತಿಳಿಸಿರಬೇಕು. ಇದನ್ನೆಲ್ಲ ನಾನು ಕತೆಯಂತೆ ಹೇಳಿದರೆ ಅವ್ವ, "ಕಾರ್ ಬ್ಯಾರೆ ಕಳಿಸ್ತಾರಾ? ಪುಣ್ಯವಂತ್ರು ಬುಡು" ಎಂದು ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದಳು.

ಮೇಡಂಗೆ ಮದುವೆಯಾಗಿ ತುಂಬಾ ವರ್ಷವಾಗಿತ್ತು. ಒಮ್ಮೆ ಬಸುರು ನಿಂತದ್ದೂ ಹೋಗಿತ್ತಂತೆ. ಒಂದು ಬೆಳಿಗ್ಗೆ ಅವರು ನಮ್ಮ ಅಡುಗೆಮನೆಗೆ ಬಂದು, ಹೊಟ್ಟೆಯ ಮೇಲೆ ಕೈಯಿಟ್ಟು, ಅವ್ವನ ಮುಖ ನೋಡಿ ನಕ್ಕರು. ಅದಕ್ಕೆ ದುಭಾಷಿ ಬೇಕಾಗಲಿಲ್ಲ. ಅವ್ವ ಡಬ್ಬಿಯಿಂದ ಬೆಲ್ಲದ ಚೂರು ತೆಗೆದು ಅವರ ಬಾಯಿಗೆ ಹಾಕಿ, ತಕ್ಷಣ ನನ್ನ ಕಡೆ ತಿರುಗಿದಳು.

"ಗಂಡಂಗ್ ಯೋಳ್ಕಳ್ಲಿ. ಬ್ಯಾರೆಯೋರ್ಗೆ ಮೂರ್ ತಿಂಗ್ಳು ತುಂಬಗಂಟ ಉಸುರ್ಬಾರ್ದು ಅನ್ನು. ಕಣ್ಣು ಬೀಳ್ತದೆ."

ಮೇಡಂ ಕಾರ್ಡ್ ತೋರಿಸಿದರು. ಹಾಗಾದರೆ ಇವರಿಗೆ ಹೇಳುವುದೋ ಬೇಡವೋ ಎಂದು ಕೇಳಿದರು.

"ಕಂಪನಿಗೆ ಫೋನಲ್ಲಿ ಹೇಳ್ಬೇಕಂತೆ ಕಣವ್ವ," ಅಂದೆ.

"ಫೋನಲ್ ಯೋಳುದ್ರೆ ಯೋಳ್ದಂಗಲ್ವಾ? ಅದೂ ಇನ್ಸೂರೆನ್ಸ್‌ನೋರ್ಗೆ! ಉಟ್ಟೋಕ್ ಮುಂಚೇನೇ ಸಾವಿನ್ ಲೆಕ್ಕ ಬರ‍್ಯೋರ್ಗೆ ಯೋಳಾದಾ? ಬುಡ್ತು ಅನ್ನಮ್ಮಿ!"

ಇದು ಸಾವಿನ ಇನ್ಶೂರೆನ್ಸ್ ಅಲ್ಲ ಎಂದು ಅವ್ವನಿಗೆ ಇನ್ನೊಂದು ಸಲ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಪದವಿ ಗೋಡೆಗೆ ತೂಗಿಹಾಕಿದ್ದರೂ ಕಣ್ಣು ಬೀಳುತ್ತದೆ ಎಂಬುದನ್ನು ನಾನೂ ಒಳಗೊಳಗೇ ನಂಬಿದ್ದವಳೇ. ಅವ್ವನ ಮಾತನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದೆ. ಮೇಡಂ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಕಾರ್ಡನ್ನು ಪರ್ಸಿಗೆ ಸೇರಿಸಿ, "ಅವ್ವ ಹೇಳಿದರೆ ಸರಿ" ಎಂದು ಕನ್ನಡದಲ್ಲೇ ಅಂದರು. ಸಾರ್ ಅಂತೂ ಇಲ್ಲಿಯ ಪದ್ಧತಿ ಎಂದರೆ ಕಣ್ಣರಳಿಸುವವರು, ಅವರೂ ಒಪ್ಪಿಬಿಟ್ಟರು.

ಮೂರು ತಿಂಗಳು ತುಂಬುವ ಮೊದಲೇ ಮೇಡಂಗೆ ರಕ್ತ ಕಾಣಿಸಿಕೊಂಡಿತು. ಊರಿನ ಲೇಡಿ ಡಾಕ್ಟರು ನೋಡಿ, ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಸಾರ್ ಬಸ್ ಸ್ಟ್ಯಾಂಡಿನ ಎದುರಿನ ಫೋನ್ ಬೂತಿಗೆ ಓಡಿದರು, ನಾನು ಅವರ ಹಿಂದೆ. ಲೈನು ಸಿಗುವುದೇ ದೊಡ್ಡ ಪಾಡು. ಸಿಕ್ಕಿದ ಮೇಲೆ ಅತ್ತ ಕಡೆಯವಳು, ಬಸುರಿನ ವಿಷಯ ನಮಗೆ ತಿಳಿಸಿಯೇ ಇಲ್ಲವಲ್ಲ, ಡಾಕ್ಟರ ಪತ್ರ ಫ್ಯಾಕ್ಸ್ ಮಾಡಿ ಎಂದಳು. ಗುಂಡ್ಲುಪೇಟೆಯಲ್ಲಿ ಫ್ಯಾಕ್ಸ್ ಎಲ್ಲಿ ಹುಡುಕುವುದು? ಕಂಪನಿಯನ್ನು ಕೇಳದೆ ಆಸ್ಪತ್ರೆಗೆ ಹೋಗಿ ಗೊತ್ತೇ ಇಲ್ಲದ ಮನುಷ್ಯ ಮತ್ತೆ ಮತ್ತೆ ನಂಬರು ಒತ್ತುತ್ತಲೇ ಇದ್ದರು. ಹೊತ್ತು ಜಾರುತ್ತಿತ್ತು.

ಕೊನೆಗೆ ಅವ್ವ ಬರಿಗಾಲಲ್ಲಿ ಬೂತಿನೊಳಕ್ಕೆ ನುಗ್ಗಿದಳು. "ಅದ್ಯಾವ್ ಕಂಪ್ನಿಯೋರ್ನ ಕೇಳ್ತಾ ನಿಂತಿದ್ದೀಯಪ್ಪಾ, ಎತ್ಕಂಡ್ ಓಗನ ನಡಿ!"

ಆ ಮಾತಿಗೆ ಇಂಗ್ಲಿಷ್ ಹುಡುಕುವಷ್ಟರಲ್ಲಿ ಸಾರ್ ಫೋನ್ ಇಟ್ಟು ಹೊರಟಿದ್ದರು. ಬಾಡಿಗೆ ಕಾರು ಹಿಡಿದು ಮೈಸೂರು ಮುಟ್ಟಿದೆವು. ಮಗು ಉಳಿಯಲಿಲ್ಲ.

ಇನ್ನೂ ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ, ಯಾರ ತಪ್ಪೂ ಇಲ್ಲ ಎಂದು ಅಲ್ಲಿಯ ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದರು. ಅದನ್ನು ಅವ್ವನಿಗೆ ಅಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿದೆ. "ನೊಂದವ್ರೆ ಅಂತ ಅಂಗಂದವ್ರೆ ಬುಡು" ಎಂದು ಸೆರಗನ್ನು ಬಾಯಿಗೊತ್ತಿಕೊಂಡಳು. ಡಾಕ್ಟರಮ್ಮನ ಮಾತು ನನ್ನ ತಲೆಗೆ ಹೋಯಿತು, ಎದೆಗೆ ಇಳಿಯಲಿಲ್ಲ. ಫೋನ್ ಮಾಡಬೇಡಿ ಎಂದವಳು ಅವ್ವ, ಅದನ್ನು ಅವರ ಕಿವಿಗೆ ಮುಟ್ಟಿಸಿದವಳು ನಾನು. ಇಬ್ಬರೂ ಈ ಬಗ್ಗೆ ಮತ್ತೆ ಮಾತಾಡಲಿಲ್ಲ.

ಸ್ವಲ್ಪ ದಿನಕ್ಕೇ ಅವರು ಊರಿಗೆ ಹೊರಟರು. ಮೇಡಂ ತಬ್ಬಿಕೊಂಡಾಗ ಅವ್ವ ತಲೆಯೆತ್ತಲಿಲ್ಲ. ಆ ವರ್ಷ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದಾಗಲೂ ಗುಡಿಯೊಳಗೆ ಬರದೆ ಹೊರಗೇ ಕೂತಳು. ಯಾಕವ್ವ ಎಂದರೆ ಮಂಡಿನೋವು ಅಂದಳು.

ಮುಂದೆ ನನಗೆ ಚಾಮರಾಜನಗರಕ್ಕೆ ಮದುವೆಯಾಯಿತು. ತಿಂಗಳು ತಪ್ಪಿದ್ದನ್ನು ಹಬ್ಬಕ್ಕೆ ತವರಿಗೆ ಬಂದಾಗ ಅವ್ವನ ಕಿವಿಯಲ್ಲಿ ಹೇಳಿದೆ. ಗಂಡನಿಗೂ ಇನ್ನೂ ಹೇಳಿರಲಿಲ್ಲ. ಅವ್ವ ಬಾಯಿಗೆ ಬೆಲ್ಲ ಹಾಕಿದಳು. ನನ್ನನ್ನು ಬಿಟ್ಟುಬರಲು ಅವಳೂ ಬಸ್ ಹತ್ತಿದವಳು ಕಂಡಕ್ಟರನ್ನು ಕೂಗಿ ಕರೆದಳು.

"ನನ್ ಮಗ್ಳು ಬಸ್ರಿ ಕಣಪ್ಪಾ, ನಿಧಾನುಕ್ ಓಡ್ಸಕ್ಕೇಳು ಡ್ರೈವರ್ಗೆ!"

ಬಸ್ಸೆಲ್ಲ ತಿರುಗಿ ನೋಡಿತು. ತೆರಕಣಾಂಬಿ ಬರುವಷ್ಟರಲ್ಲಿ ಹಿಂದಿನ ಸೀಟಿನವರಿಗೂ ಮುಂದಿನ ಸೀಟಿನವರಿಗೂ, ಕಿಟಕಿಯ ಬಳಿ ಬಂದ ಹೂವಿನವಳಿಗೂ ಹೇಳಿ ಮುಗಿಸಿದ್ದಳು. ನನಗೆ ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಸಿಟ್ಟು.

"ಮೂರು ತಿಂಗ್ಳು ಹೇಳ್ಬಾರ್ದು ಅಂತ ನೀನೇ ಅಂತಿದ್ದೆಯಲ್ಲವ್ವ!" ಎಂದು ಪಿಸುಗುಟ್ಟಿದೆ.

"ಯೋಳ್ಬ್ಯಾಡ ಅಂದು ಒಂದ್ ಕೂಸ್ನ ಕಳ್ದ್ಬುಟ್ಟೆ ಕಣಮ್ಮಿ," ಎಂದಳು ಅವ್ವ, ಕಿಟಕಿಯ ಹೊರಗೆ ನೋಡುತ್ತಾ. "ಇದ್ನೂ ಕಳೀಲಾ?"

ಮುಂದಿನ ಸ್ಟಾಪಿನಲ್ಲಿ ಹತ್ತಿದ ಹೆಂಗಸೊಬ್ಬರು ನನ್ನ ಪಕ್ಕಕ್ಕೆ ಬಂದು ಕೂತರು. ಅವ್ವ ಬಾಯಿ ತೆರೆಯುವ ಮೊದಲು ನಾನೇ ಅವರಿಗೆ ಹೇಳಿದೆ, "ನಾನು ಬಸುರಿ ಅಕ್ಕಾ."